ಮಿನಿ ಟ್ರ್ಯಾಕ್ಟರಿನ ಹಿಚ್ ಬಾಗಿದಾಗ: ನೆಟ್ಟಗೆ ಮಾಡುವುದೋ, ಬೆಸೆಯುವುದೋ, ಬದಲಾಯಿಸುವುದೋ?

ಹಿಚ್ ಅಂದರೆ ಟ್ರ್ಯಾಕ್ಟರಿನ ಹಿಂದೆ ನೇಗಿಲಿನಂಥ ಸಲಕರಣೆ ಹಿಡಿಯುವ ಜೋಡಣೆ: ಕೆಳಗೆ ಎರಡು ಲೋವರ್ ಲಿಂಕ್, ಮೇಲೆ ನಡುವೆ ಒಂದು ಟಾಪ್ ಲಿಂಕ್. ಲೋವರ್ ಲಿಂಕ್ ಬಾಗಿತು ಅಂದರೆ ಎದುರಿಗೆ ಮೂರು ದಾರಿ. ಪ್ರೆಸ್ಸಿಗೆ ಹಾಕಿ ನೆಟ್ಟಗೆ ಮಾಡಬಹುದು, ತುದಿ ಕತ್ತರಿಸಿ ಹೊಸ ಬಾಲ್ ಎಂಡ್ (ಪಿನ್ ಕೂರುವ ತೂತಿನ ಗುಂಡು ಗೂಡಿನೊಳಗೆ ತಿರುಗುವ ತುದಿ) ಬೆಸೆಯಬಹುದು, ಇಲ್ಲವೇ ಇಡೀ ಲಿಂಕನ್ನೇ ಬದಲಾಯಿಸಬಹುದು. "ಹೇಗೂ ಬಿಚ್ಚಿದ್ದೇವೆ, ಇನ್ನೂ ದಪ್ಪದ್ದನ್ನೇ ಹಾಕಿಬಿಡೋಣ" ಎನ್ನುವ ಆಸೆಯೂ ಇವುಗಳ ಬೆನ್ನಿಗೇ ಹುಟ್ಟುತ್ತದೆ. ಮೂರು ದಾರಿಗಳ ಲೆಕ್ಕ ಸುಲಭ. ಕಡಿವಾಣ ಹಾಕಬೇಕಾದದ್ದು ಈ ನಾಲ್ಕನೆಯ ಆಸೆಗೆ.

ಏಕೆಂದರೆ ಹಿಚ್ಚಿಗೆ ಬೀಳುವ ಬಲ ಲಿಂಕಿನಲ್ಲೇ ನಿಲ್ಲುವುದಿಲ್ಲ. ನೇಗಿಲು ಎಳೆದ ಬಲ ಪಿನ್, ಬಾಲ್, ಲೋವರ್ ಲಿಂಕ್ ದಾಟಿ ಮುಂದಿನ ಬ್ರಾಕೆಟ್‌ಗೆ, ಅಲ್ಲಿಂದ ಹಿಂದಿನ ಆಕ್ಸಲ್ ಹೌಸಿಂಗಿಗೆ ಹೋಗುತ್ತದೆ. ಪಕ್ಕದಿಂದ ಬಂದ ಏಟು, ಲಿಂಕ್ ಪಕ್ಕಕ್ಕೆ ಓಲಾಡದಂತೆ ಹಿಡಿಯುವ ಚೆಕ್ ಚೈನಿನ ಮೂಲಕ ಅದರ ಬ್ರಾಕೆಟ್‌ಗೆ, ಮತ್ತೆ ಅದೇ ಹೌಸಿಂಗಿಗೆ ಹೋಗುತ್ತದೆ. ಎತ್ತುವಾಗಿನ ಭಾರ ಲಿಂಕನ್ನು ಎತ್ತುವ ಲಿಫ್ಟ್ ರಾಡ್, ಅದನ್ನು ಎಳೆಯುವ ಲಿಫ್ಟ್ ಆರ್ಮ್, ಆರ್ಮುಗಳನ್ನು ತಿರುಗಿಸುವ ರಾಕ್ ಶಾಫ್ಟ್ ಹಿಡಿದು ಹೈಡ್ರಾಲಿಕ್ ಪೆಟ್ಟಿಗೆಗೆ ಸೇರುತ್ತದೆ. ಯಾವ ದಾರಿ ಹಿಡಿದರೂ ಕೊನೆಗೆ ಸಿಗುವುದು ಎರಕದ ಕಬ್ಬಿಣ. ಎರಕ ಬಾಗುವುದಿಲ್ಲ, ಸೀಳುತ್ತದೆ. ಅದು ಸೀಳಿದರೆ ಟ್ರ್ಯಾಕ್ಟರನ್ನು ಎರಡು ತುಂಡು ಮಾಡಿ ಬಿಚ್ಚಬೇಕು. ಹಾಗಾಗಿ ಹೊರಗಿರುವ, ಅಗ್ಗದ, ಒಂದು ಗಂಟೆಯಲ್ಲಿ ಬದಲಾಯಿಸಬಹುದಾದ ಭಾಗವೇ ಮೊದಲು ಸೋಲುವಂತಿರಬೇಕು. ಮುಂದಿನ ಪ್ರತಿ ಆಯ್ಕೆಯನ್ನೂ ಇದೇ ಅಳತೆಗೋಲಿನಲ್ಲಿ ನೋಡಿದ್ದೇವೆ.

ಬಾಗಿದ ರೀತಿಯೇ ಕಾರಣ ಹೇಳುತ್ತದೆ

ಬಿಡಿಭಾಗ ಹುಡುಕಲು ಹೊರಡುವ ಮೊದಲು ಮುರಿದದ್ದನ್ನು ಸರಿಯಾಗಿ ನೋಡಿ. ಹ್ಯಾರಿ ಫರ್ಗ್ಯೂಸನ್ ರೂಪಿಸಿದ, 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನೊಂದಿಗೆ ಎಲ್ಲೆಡೆ ಹಬ್ಬಿದ ಈ ಮೂರು ಬಿಂದುಗಳ ಜೋಡಣೆಯಲ್ಲಿ ಪ್ರತಿ ಲಿಂಕ್ ಯಾವಾಗ ಎಳೆತಕ್ಕೆ, ಯಾವಾಗ ಒತ್ತಡಕ್ಕೆ ಸಿಗುತ್ತದೆ ಎನ್ನುವುದು ನಿಗದಿಯಾಗಿದೆ. ಮುಂದಕ್ಕೆ ಉಳುವಾಗ ಎರಡು ಲೋವರ್ ಲಿಂಕುಗಳು ಎಳೆತದಲ್ಲಿರುತ್ತವೆ, ಟಾಪ್ ಲಿಂಕ್ ಒತ್ತಡದಲ್ಲಿರುತ್ತದೆ. ಸಲಕರಣೆ ಎತ್ತಿಕೊಂಡು ಹೋಗುವಾಗ ಟಾಪ್ ಲಿಂಕ್ ಎಳೆತಕ್ಕೆ ತಿರುಗುತ್ತದೆ. ನೆಲಕ್ಕೆ ಊರಿದ ಬ್ಲೇಡನ್ನು ಹಿಮ್ಮುಖವಾಗಿ ತಳ್ಳಿದರೆ ಲೋವರ್ ಲಿಂಕುಗಳು ಒತ್ತಡಕ್ಕೆ ಬೀಳುತ್ತವೆ, ಅವು ಅದಕ್ಕೆಂದು ಮಾಡಿದವಲ್ಲ.

ಆದ್ದರಿಂದ ಲೋವರ್ ಲಿಂಕ್ ನಡುವೆ ಬಿಲ್ಲಿನಂತೆ ಮೇಲಕ್ಕೋ ಕೆಳಕ್ಕೋ ಬಾಗಿದ್ದರೆ ಹಿಮ್ಮುಖವಾಗಿ ತಳ್ಳಿದ್ದೇ ಕಾರಣ ಎಂದು ಮೊದಲು ಅನುಮಾನಿಸಿ. ಪಕ್ಕಕ್ಕೆ ಬಾಗಿದ್ದರೆ ಸಲಕರಣೆ ನೆಲದಲ್ಲಿದ್ದಾಗಲೇ ಟ್ರ್ಯಾಕ್ಟರ್ ತಿರುಗಿಸಲಾಗಿದೆ, ಅಥವಾ ಚೆಕ್ ಚೈನ್ ಸಡಿಲವಿತ್ತು. ಟಾಪ್ ಲಿಂಕ್ ಬಾಗಿದ್ದರೆ ನೇಗಿಲ ಮೊನೆ ಬೇರಿಗೋ ಬಂಡೆಗೋ ಸಿಕ್ಕಿದೆ. ಟಾಪ್ ಲಿಂಕಿನ ಮರೆ (ತಿರುಪಿನ ಥ್ರೆಡ್) ಕಿತ್ತುಬಂದಿದ್ದರೆ ಭಾರದ ಸಲಕರಣೆ ಎತ್ತಿಕೊಂಡು ಹಳ್ಳದಿಣ್ಣೆಯಲ್ಲಿ ಓಡಿಸಿದ್ದರಿಂದ, ಇಲ್ಲವೇ ಮರೆಯನ್ನು ಮಿತಿಮೀರಿ ಬಿಚ್ಚಿಟ್ಟಿದ್ದರಿಂದ ಆಗಿರುತ್ತದೆ. ಕಾರಣ ಹಾಗೇ ಉಳಿದರೆ ಹೊಸ ಭಾಗವೂ ಅದೇ ಜಾಗದಲ್ಲಿ ಬಾಗುತ್ತದೆ.

ಬಿಚ್ಚುವ ಮುನ್ನ ಅಳತೆ

ಸಮತಟ್ಟಾದ ಗಟ್ಟಿ ನೆಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ. ಸಲಕರಣೆ ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಲಿಫ್ಟ್ ಲಿವರ್ ಪೂರ್ತಿ ಕೆಳಗಿಡಿ, ಚಕ್ರಗಳಿಗೆ ಅಡೆ ಕೊಡಿ. ಹೈಡ್ರಾಲಿಕ್ ನಂಬಿಕೊಂಡು ಎತ್ತಿದ ಸಲಕರಣೆಯ ಕೆಳಗೆ ಕೈ ಹಾಕುವುದು ಬೇಡವೇ ಬೇಡ. ಎಂಜಿನ್ ಆಫ್ ಇದ್ದರೂ ಯಾರಾದರೂ ಲಿವರ್ ತಾಗಿಸಿದರೆ ಅದು ಬೀಳುತ್ತದೆ.

ಈಗ ಟೇಪ್ ಹಿಡಿದು ಹೀಗೆ ಅಳೆಯಿರಿ:

- ಮುಂದಿನ ಪಿನ್ನಿನ ನಡುಬಿಂದುವಿನಿಂದ ಹಿಂದಿನ ಬಾಲಿನ ನಡುಬಿಂದುವಿಗೆ, ಎಡ ಮತ್ತು ಬಲ ಎರಡೂ ಕಡೆ. ವ್ಯತ್ಯಾಸ 3 ಮಿ.ಮೀ. ದಾಟಿದ್ದರೆ ಒಂದು ಲಿಂಕ್ ಬಾಗಿದೆ ಅಥವಾ ಹಿಗ್ಗಿದೆ.
- ಲಿಂಕುಗಳನ್ನು ಮಧ್ಯಕ್ಕೆ ತಂದು ಓರೆ ಅಳತೆ: ಎಡ ಮುಂದಿನ ಪಿನ್ನಿನಿಂದ ಬಲ ಬಾಲಿಗೆ, ಬಲ ಮುಂದಿನದರಿಂದ ಎಡ ಬಾಲಿಗೆ. ಲಿಂಕುಗಳ ಉದ್ದ ಸಮ ಇದ್ದು ಓರೆ ಅಳತೆ ಮಾತ್ರ ತಪ್ಪಿದರೆ ಬ್ರಾಕೆಟ್ ಸರಿದಿದೆ.
- ಎರಡು ಲಿಫ್ಟ್ ರಾಡುಗಳ ಉದ್ದ, ತೂತಿನಿಂದ ತೂತಿಗೆ. ಸಾಮಾನ್ಯವಾಗಿ ಒಂದು ನಿಗದಿ ಉದ್ದದ್ದು, ಇನ್ನೊಂದು ತಿರುಗಿಸಿ ಉದ್ದ ಹೊಂದಿಸುವಂಥದ್ದು.
- ಲಿಫ್ಟ್ ಆರ್ಮುಗಳ ತುದಿ ನೆಲದಿಂದ ಎಷ್ಟು ಎತ್ತರ, ಎರಡೂ ಕಡೆ.

ಕೊನೆಯದನ್ನು ಹಲವರು ಬಿಟ್ಟುಬಿಡುತ್ತಾರೆ. ಉಳಿದೆಲ್ಲ ಸರಿಯಿದ್ದೂ ಒಂದು ಬದಿ ಜೋತುಬಿದ್ದಿದ್ದರೆ ಲಿಫ್ಟ್ ಆರ್ಮ್ ತಿರುಚಿಕೊಂಡಿರಬಹುದು, ಇಲ್ಲವೇ ರಾಕ್ ಶಾಫ್ಟಿನ ಹಲ್ಲುಗಳಲ್ಲಿ ಒಂದು ಹಲ್ಲು ತಪ್ಪಿ ಕೂತಿರಬಹುದು. ಆರ್ಮ್ ಬಿಚ್ಚುವಾಗ ಶಾಫ್ಟಿಗೂ ಆರ್ಮಿಗೂ ಸೇರಿಸಿ ಪಂಚ್ ಗುರುತು ಹಾಕಿಕೊಂಡರೆ ಮತ್ತೆ ಕೂರಿಸುವಾಗ ಈ ತಾಪತ್ರಯ ಇಲ್ಲ.

ಬ್ರಾಕೆಟ್ ಬೋಲ್ಟುಗಳ ತಲೆ ಸುತ್ತ ಕಣ್ಣಿಡಿ. ಬಣ್ಣ ಗೆರೆಯಂತೆ ಬಿರಿದು, ಅಲ್ಲಿಂದ ಕುಂಕುಮದ ಹಾಗೆ ನಯವಾದ ಕೆಂಪು ಪುಡಿ ಹೊರಬಂದಿದ್ದರೆ ಆ ಬೋಲ್ಟ್ ಬಹಳ ದಿನದಿಂದ ಒಳಗೊಳಗೇ ಅಲುಗಾಡುತ್ತಿದೆ. ಸ್ಪ್ಯಾನರ್ ಹಾಕಿದರೆ ಬಿಗಿಯಾಗಿಯೇ ಇದೆ ಅನ್ನಿಸಬಹುದು. ತೂತು ಅಗಲವಾಗಿ ಬೋಲ್ಟಿನ ಕಾಂಡ ಸವೆದಿರುತ್ತದೆ. ಅಂಥದ್ದನ್ನು ಬಿಗಿಯುತ್ತ ಕೂರಬೇಡಿ, ಬದಲಾಯಿಸಿ.

ನೆಟ್ಟಗೆ ಮಾಡುವುದು

ಅತಿ ಅಗ್ಗದ ದಾರಿ ಇದು. ಆದರೆ ಇದಕ್ಕೊಂದು ಗಡಿ ಇದೆ. 600 ಮಿ.ಮೀ. ಉದ್ದದ ಲಿಂಕಿನ ಮೇಲೆ ನೇರಪಟ್ಟಿ ಇಟ್ಟಾಗ ನಡುವೆ 10 ಮಿ.ಮೀ.ವರೆಗೆ ನಯವಾದ ಬಿಲ್ಲು ಕಂಡರೆ, ತಿರುಚು ಇಲ್ಲದಿದ್ದರೆ, ಬಾಗು ಯಾವ ತೂತನ್ನೂ ಹಾದುಹೋಗದಿದ್ದರೆ ತಣ್ಣಗಿರುವಾಗಲೇ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಸರಿಪಡಿಸಬಹುದು. ಲಿಂಕಿನ ಎರಡು ತುದಿಗೆ ಆಧಾರ ಕೊಟ್ಟು ಉಬ್ಬಿನ ಮೇಲೆ ಒತ್ತಬೇಕು. ಒತ್ತಡ ಬಿಟ್ಟ ಕೂಡಲೇ ಉಕ್ಕು ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ, ಅದಕ್ಕೇ ನೇರಕ್ಕಿಂತ ತುಸು ಆಚೆ ಒತ್ತಬೇಕಾಗುತ್ತದೆ. ಒಂದೇ ಏಟಿಗೆ ಮುಗಿಸುವ ಆತುರ ಬೇಡ. ಒತ್ತಿ, ಬಿಟ್ಟು, ಪಟ್ಟಿ ಇಟ್ಟು ನೋಡಿ, ಮತ್ತೆ ಒತ್ತಿ.

ಗ್ಯಾಸ್ ಕಟರಿನಿಂದ ಕೆಂಪಗೆ ಕಾಯಿಸಿ ಬಡಿಯುವ ಅಭ್ಯಾಸ ಮಾತ್ರ ಬಿಡಲೇಬೇಕು. ಲೋವರ್ ಲಿಂಕುಗಳು ಸಾಮಾನ್ಯವಾಗಿ ಮಧ್ಯಮ ಇಂಗಾಲದ, ಶಾಖ ಸಂಸ್ಕಾರ ಮಾಡಿದ ಉಕ್ಕು. ಕೆಂಪಾಗಿ ಕಾದ ಜಾಗದಲ್ಲಿ ಆ ಸಂಸ್ಕಾರ ಹೋಗಿ ಅದು ಮೆದುವಾಗುತ್ತದೆ, ಮುಂದಿನ ಸಲ ಅಲ್ಲೇ ಬಾಗುತ್ತದೆ. ಬೇಗ ಆರಲೆಂದು ನೀರು ಸುರಿದರೆ ಇನ್ನೂ ಕೆಟ್ಟದ್ದು. ಆ ಜಾಗ ಗಾಜಿನಂತೆ ಪೆಡಸಾಗಿ, ಬಾಗದೆ ಸೀದಾ ಮುರಿಯುತ್ತದೆ. ಬಾಗುವ ಲಿಂಕ್ ಮುನ್ಸೂಚನೆ ಕೊಡುತ್ತದೆ, ಮುರಿಯುವ ಲಿಂಕ್ ಕೊಡುವುದಿಲ್ಲ.

ನೆಟ್ಟಗೆ ಮಾಡಿದ ಮೇಲೆ ಬಿರುಕು ಪರೀಕ್ಷೆ ಕಡ್ಡಾಯ. ಬಣ್ಣ ಗ್ರೈಂಡ್ ಮಾಡಿ ತೆಗೆಯಬೇಡಿ, ಬಿರುಕಿನ ಬಾಯಿ ಲೋಹದ ಪುಡಿಯಿಂದ ಮುಚ್ಚಿಹೋಗುತ್ತದೆ. ಪೇಂಟ್ ರಿಮೂವರ್‌ನಿಂದ ತೆಗೆಯಿರಿ. ಡೈ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿಯುವ ಕೆಂಪು ದ್ರವ) ಬಳಿದು 10ರಿಂದ 20 ನಿಮಿಷ ಬಿಡಿ, ಬಟ್ಟೆಯಿಂದ ಒರೆಸಿ, ಮೇಲೆ ಬಿಳಿ ಡೆವಲಪರ್ ಸಿಂಪಡಿಸಿ. ಬಿಳಿಯ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿದರೂ ಆ ಲಿಂಕ್ ಗುಜರಿಗೆ. ಒಮ್ಮೆ ನೆಟ್ಟಗಾದ ಲಿಂಕ್ ಎರಡನೆಯ ಸಲ ಬಾಗಿದರೂ ಅಷ್ಟೇ, ಮತ್ತೆ ಪ್ರೆಸ್ಸಿಗೆ ಹಾಕಬೇಡಿ.

ಬಾಲ್ ಎಂಡ್ ಬೆಸೆಯುವುದು

ಲಿಂಕ್ ನೆಟ್ಟಗಿದ್ದು ಬಾಲ್ ಮಾತ್ರ ಸವೆದಿದ್ದರೆ ಇದು ಒಳ್ಳೆಯ ಮಧ್ಯಮಾರ್ಗ. ಪಿನ್ನಿಗೂ ಬಾಲಿಗೂ ನಡುವೆ 1 ಮಿ.ಮೀ. ಆಟ ಸಹಜ. 2 ಮಿ.ಮೀ. ದಾಟಿದರೆ ಯೋಚಿಸಬೇಕು. ಆದರೆ ಮೊದಲು ಹೊಸ ಪಿನ್ ಹಾಕಿ ನೋಡಿ, ಎಷ್ಟೋ ಸಲ ಸವೆದಿರುವುದು ಬಾಲಲ್ಲ, ಪಿನ್. ಬಾಲ್ ತನ್ನ ಗೂಡಿನಿಂದಲೇ ಹೊರಬೀಳುವ ಹಾಗೆ ಅಲುಗಾಡುತ್ತಿದ್ದರೆ ತುದಿ ಬದಲಾಯಿಸದೆ ವಿಧಿಯಿಲ್ಲ. ಗೂಡಿನ ಅಂಚನ್ನು ಸುತ್ತಿಗೆಯಿಂದ ಬಡಿದು ಬಾಲ್ ಬಿಗಿ ಮಾಡುವ ಉಪಾಯ ನಾಲ್ಕು ದಿನ ಬಾಳುತ್ತದೆ, ಐದನೆಯ ದಿನ ಅಂಚು ಸೀಳುತ್ತದೆ.

ಬೆಸೆಯಲೆಂದೇ ಮಾಡಿದ ತುದಿಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ನಿಮ್ಮ ಲಿಂಕಿನ ಅಗಲ, ದಪ್ಪ ಎರಡಕ್ಕೂ ಹೊಂದುವುದನ್ನು ಆರಿಸಿ. ಕೆಲಸದ ಕ್ರಮ ಹೀಗೆ.

ಲಿಂಕನ್ನು ಟ್ರ್ಯಾಕ್ಟರಿನಿಂದ ಬಿಚ್ಚಿ ಮೇಜಿಗೆ ತನ್ನಿ. ಟ್ರ್ಯಾಕ್ಟರಿನ ಮೇಲೇ ಬೆಸೆದರೆ ವಿದ್ಯುತ್ತು ಬೇರಿಂಗು, ಹೈಡ್ರಾಲಿಕ್ ಶಾಫ್ಟುಗಳ ಮೂಲಕ ಹರಿದು ಅಲ್ಲಿ ಚುಕ್ಕೆ ಸುಟ್ಟಗಾಯ ಮಾಡುತ್ತದೆ. ಬಿಚ್ಚಲು ಸಾಧ್ಯವೇ ಇಲ್ಲವೆಂದಾದರೆ ಬ್ಯಾಟರಿ ಸಂಪರ್ಕ ತೆಗೆದು, ಅರ್ಥ್ ಕ್ಲಾಂಪನ್ನು ಬೆಸುಗೆಯಿಂದ ಒಂದು ಗೇಣಿನೊಳಗೆ ಅದೇ ತುಂಡಿಗೆ ಕಚ್ಚಿಸಿ.

ಕತ್ತರಿಸುವ ಗೆರೆಯ ಎರಡೂ ಬದಿಗೆ, ಹಳೆಯ ಬಾಲಿನ ನಡುಬಿಂದುವನ್ನೂ ಸೇರಿಸಿ ಅಳತೆ ಬರೆದಿಟ್ಟುಕೊಳ್ಳಿ. ಬೆಸೆದ ಮೇಲೆ ಒಟ್ಟು ಉದ್ದ ಇನ್ನೊಂದು ಬದಿಯ ಲಿಂಕಿಗೆ ಸರಿಹೋಗಬೇಕು. ಹಳೆಯ ಬಾಲಿನಿಂದ ಕನಿಷ್ಠ 80 ಮಿ.ಮೀ. ಈಚೆಗೆ, ಲಿಂಕ್ ತನ್ನ ಪೂರ್ಣ ಅಗಲದಲ್ಲಿರುವ ಕಡೆ ಕತ್ತರಿಸಿ. ಲಿಫ್ಟ್ ರಾಡಿನ ತೂತಿನ ಹತ್ತಿರ ಬೇಡ. ಎರಡೂ ತುದಿಗಳನ್ನು ಎರಡೂ ಮೈಯಿಂದ ಸುಮಾರು 30 ಡಿಗ್ರಿ ಓರೆಗೆ ಗ್ರೈಂಡ್ ಮಾಡಿ ನಡುವೆ 2 ಮಿ.ಮೀ. ಅಂಚು ಉಳಿಸಿ, ಜೋಡಿಸುವಾಗ 2ರಿಂದ 3 ಮಿ.ಮೀ. ಸಂದು ಬಿಡಿ.

ನೇರ ಹಿಡಿಯುವಲ್ಲಿ ಒಂದು ಮೋಸ ಇದೆ. ಎರಡು ಬಾಲುಗಳೊಳಗೆ ಕಂಬಿ ತೂರಿಸಿ "ನೇರವಿದೆ" ಎನ್ನುವವರಿದ್ದಾರೆ. ಬಾಲ್ ಇರುವುದೇ ತಿರುಗಲಿಕ್ಕೆ. ಗೂಡು ಐದು ಡಿಗ್ರಿ ಸೊಟ್ಟ ಕೂತರೂ ಕಂಬಿ ಸಲೀಸಾಗಿ ಹೋಗುತ್ತದೆ. ನೋಡಬೇಕಾದದ್ದು ಬಾಲನ್ನಲ್ಲ, ಗೂಡಿನ ಚಪ್ಪಟೆ ಮೈಯನ್ನು. ಅದರ ಮೇಲೆ ನೇರಪಟ್ಟಿ ಇಟ್ಟು ಲಿಂಕಿನ ಮೈಗೆ ಹೋಲಿಸಿ, ಆಮೇಲೆ ಟ್ಯಾಕ್ (ಹಿಡಿದಿಡುವ ಚುಕ್ಕೆ ಬೆಸುಗೆ) ಹಾಕಿ.

ಬೆಸೆಯುವ ಮುನ್ನ ಎರಡೂ ತುಂಡುಗಳನ್ನು 150ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ. ಈ ಉಷ್ಣತೆಗೆ ಬಣ್ಣ ಬದಲಾಗದು, ಆದ್ದರಿಂದ ಕಣ್ಣಂದಾಜು ನಡೆಯುವುದಿಲ್ಲ. ಶಾಖ ತೋರಿಸುವ ಬಳಪವೋ ಥರ್ಮಾಮೀಟರೋ ಬೇಕು. ರಾಡು ಕಡಿಮೆ ಹೈಡ್ರೋಜನ್‌ನದು, ಇ7018 ಜಾತಿಯದು, ಒಣಗಿದ್ದಾಗಿರಬೇಕು. ತೆರೆದ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ತೇವ ಹೀರಿದ ರಾಡಿನಿಂದ ಬೆಸೆದರೆ ಬೆಸುಗೆ ಮೇಲ್ನೋಟಕ್ಕೆ ಚೆನ್ನಾಗಿಯೇ ಬರುತ್ತದೆ, ಬಿರುಕು ಒಳಗೆ ಕೂತಿರುತ್ತದೆ. ಒಂದು ಸಾಲು ಮೇಲೆ, ಒಂದು ಸಾಲು ಕೆಳಗೆ, ಹೀಗೆ ಸರದಿಯಲ್ಲಿ ಹಾಕುತ್ತ ಹೋದರೆ ತುದಿ ಒಂದೇ ಬದಿಗೆ ಎಳೆದುಕೊಳ್ಳುವುದಿಲ್ಲ. ಪ್ರತಿ ಸಾಲಿನ ಸ್ಲ್ಯಾಗ್ ಪೂರ್ತಿ ಕೆತ್ತಿ ತೆಗೆಯಿರಿ. ಬಾಲಿನ ಮೇಲೆ ಕಿಡಿ ಕೂರದಂತೆ ಒಣ ವೆಲ್ಡಿಂಗ್ ಹೊದಿಕೆ ಮುಚ್ಚಿ. ಮುಗಿದ ಮೇಲೆ ಒಣ ಮರಳಿನಲ್ಲೋ ಬೂದಿಯಲ್ಲೋ ಹೂತು ತಾನಾಗಿ ಆರಲು ಬಿಡಿ.

ಬಿರುಕು ಪರೀಕ್ಷೆಯನ್ನು ಅದೇ ದಿನ ಮಾಡಿ ಸಮಾಧಾನಪಡಬೇಡಿ. ಹೈಡ್ರೋಜನ್ ಬಿರುಕು ಬೆಸೆದು 48 ಗಂಟೆಯೊಳಗೆ ಯಾವಾಗ ಬೇಕಾದರೂ ಮೂಡಬಹುದು. ಎರಡು ದಿನ ಕಾದು ಡೈ ಹಾಕಿ ನೋಡಿ.

ಇಷ್ಟೆಲ್ಲ ಓದಿ ತಲೆಬಿಸಿಯಾಯಿತೇ? ಹಾಗಾದರೆ ನಿಮಗೆ ಇಡೀ ಲಿಂಕ್ ಬದಲಾಯಿಸುವುದೇ ಸರಿ.

ಇಡೀ ಲಿಂಕ್: ಕಂಪನಿಯದೋ, ಬದಲಿಯೋ, ಹಳೆಯದೋ

ಕಂಪನಿಯ ಭಾಗ ದುಬಾರಿ, ಆದರೆ ತೂತುಗಳ ಜಾಗ, ಬಾಗು, ದಪ್ಪ ಎಲ್ಲ ಹೊಂದುತ್ತದೆ. ಬಾಗಿದ ಆಕಾರದ ಲಿಂಕುಗಳಿದ್ದರೆ ಇದನ್ನೇ ಆರಿಸಿ. ಹಲವು ಮಿನಿ ಟ್ರ್ಯಾಕ್ಟರುಗಳಲ್ಲಿ ಟೈರು ತಪ್ಪಿಸಲು ಲಿಂಕ್ ಬಳುಕಿದಂತಿರುತ್ತದೆ, ಎಡ ಬಲ ಬೇರೆಬೇರೆ. ಬದಲಿ ಲಿಂಕ್ ನೇರ ಪಟ್ಟಿಯ ಆಕಾರದ್ದಾದರೆ ಚೆನ್ನಾಗಿಯೇ ಬಾಳುತ್ತದೆ. ಕೊಳ್ಳುವಾಗ ನಾಲ್ಕು ಅಳತೆ ಕೈಯಲ್ಲಿರಲಿ: ಮುಂದಿನ ತೂತಿನ ವ್ಯಾಸ, ಹಿಂದಿನ ಬಾಲಿನ ವ್ಯಾಸ, ಇವೆರಡರ ನಡುವಿನ ದೂರ, ಮುಂದಿನ ತೂತಿನಿಂದ ಲಿಫ್ಟ್ ರಾಡ್ ತೂತಿಗೆ ಇರುವ ದೂರ. ಕೊನೆಯದು ತಪ್ಪಿದರೆ ಎತ್ತುವ ಎತ್ತರವೂ ಎತ್ತುವ ಶಕ್ತಿಯೂ ಬದಲಾಗುತ್ತವೆ. ತೂತು ಹಿಂದಕ್ಕೆ ಸರಿದರೆ ಶಕ್ತಿ ಹೆಚ್ಚಿ ಎತ್ತರ ತಗ್ಗುತ್ತದೆ, ಮುಂದಕ್ಕೆ ಸರಿದರೆ ಎತ್ತರ ಹೆಚ್ಚಿ ಶಕ್ತಿ ತಗ್ಗುತ್ತದೆ.

ಗುಜರಿಯಿಂದ ತಂದ ಹಳೆಯ ಲಿಂಕಿಗೆ ನಮ್ಮ ವಿರೋಧವಿಲ್ಲ. ಹೊಸ ಬಣ್ಣ ಬಳಿದದ್ದಕ್ಕೆ ಮಾತ್ರ ಇದೆ. ಬೆಸುಗೆ ಅಡಗಿಸಲು ಬಣ್ಣದಷ್ಟು ಅಗ್ಗದ ಸಾಧನ ಇನ್ನೊಂದಿಲ್ಲ.

ಬದಲಾಯಿಸುವುದಾದರೆ ಜೋಡಿಯಾಗಿಯೇ ಬದಲಾಯಿಸಬೇಕೇ? ಇನ್ನೊಂದು ನೆಟ್ಟಗಿದ್ದು ಬಾಲ್ ಬಿಗಿಯಾಗಿದ್ದರೆ ಬೇಡ. ಉದ್ದ 3 ಮಿ.ಮೀ. ಒಳಗೆ ಹೊಂದಿದರೆ ಸಾಕು.

ಕೆಟಗರಿ ಏರಿಸುವ ಮಾತು

ಸಣ್ಣ ಟ್ರ್ಯಾಕ್ಟರುಗಳಲ್ಲಿ ಎರಡು ಅಳತೆಯ ಹಿಚ್ ಬರುತ್ತವೆ. ತೀರ ಚಿಕ್ಕವಕ್ಕೆ ಕೆಟಗರಿ 0: ಮೇಲೆ ಕೆಳಗೆ ಎರಡೂ ಪಿನ್ ಸುಮಾರು 16 ಮಿ.ಮೀ., ಕೆಳಗಿನ ಬಿಂದುಗಳ ನಡುವೆ ಸುಮಾರು 510 ಮಿ.ಮೀ. ಉಳಿದವಕ್ಕೆ ಕೆಟಗರಿ 1: ಮೇಲಿನ ಪಿನ್ 19, ಕೆಳಗಿನ ಪಿನ್ 22 ಮಿ.ಮೀ., ನಡುವೆ 683 ಮಿ.ಮೀ.; ಇದು ಐಎಸ್‌ಒ 730 ಮಾನದಂಡದಲ್ಲಿದೆ. ಕೆಟಗರಿ 2ರ ಕೆಳಪಿನ್ 28 ಮಿ.ಮೀ.

ದೊಡ್ಡ ಬಾಲಿಗೆ ಸಣ್ಣ ಪಿನ್ ಹಾಕಲು ಬುಶ್ ಇದೆ. ಸಣ್ಣ ಬಾಲಿಗೆ ದೊಡ್ಡ ಪಿನ್ ಹಾಕಲು ದಾರಿಯಿಲ್ಲ, ತುದಿಯನ್ನೇ ಬದಲಾಯಿಸಬೇಕು. ಹಾಗಾಗಿ ಕೆಟಗರಿ 0ಯ ಲಿಂಕ್ ಬಾಗಿದಾಗ ಕೆಟಗರಿ 1ರ ತುದಿ ಬೆಸೆದುಬಿಡೋಣ ಅನ್ನಿಸುವುದು ಸಹಜ. ಇಲ್ಲಿ ಎರಡು ತೊಡಕು. ಬಿಂದುಗಳ ನಡುವಿನ ಅಗಲ 510ರಿಂದ 683ಕ್ಕೆ ಹೋದಾಗ ಲಿಂಕುಗಳು ಹೊರಕ್ಕೆ ಚಾಚಿ ಟೈರಿನ ಒಳಮೈಗೆ ತಾಗಬಹುದು. ಮೊದಲು ಹಗ್ಗದಿಂದ ಲಿಂಕುಗಳನ್ನು ಆ ಅಗಲಕ್ಕೆ ಎಳೆದು ಕಟ್ಟಿ ಮೇಲೆ ಕೆಳಗೆ ಆಡಿಸಿ ನೋಡಿ. ಟೈರಿಗೆ 25 ಮಿ.ಮೀ. ಅಂತರವೂ ಉಳಿಯದಿದ್ದರೆ ಯೋಜನೆ ಅಲ್ಲಿಗೇ ನಿಲ್ಲಲಿ. ಎರಡನೆಯ ತೊಡಕು, ದೊಡ್ಡ ಕೆಟಗರಿಯ ಸಲಕರಣೆ ಭಾರವೂ ಆಗಿರುತ್ತದೆ. ತುದಿ ದೊಡ್ಡದಾಯಿತೆಂದು ಹೌಸಿಂಗ್ ದೊಡ್ಡದಾಗಲಿಲ್ಲ. ಎತ್ತುವ ಸಾಮರ್ಥ್ಯ ನೋಡುವಾಗ ಎಲ್ಲಿ ಅಳೆದದ್ದು ಎಂದೂ ನೋಡಿ. ಬಾಲಿನ ಬಳಿ ಅಳೆದ ಅಂಕಿ ದೊಡ್ಡದು, ಬಾಲಿನಿಂದ 610 ಮಿ.ಮೀ. ಹಿಂದೆ ಅಳೆದದ್ದು ಚಿಕ್ಕದು. ರೋಟವೇಟರಿನ ಭಾರ ಕೂರುವುದು ಬಾಲಿನ ಮೇಲಲ್ಲ, ಅದರ ಹಿಂದೆ.

ಚೈನು, ಟೆಲಿಸ್ಕೋಪಿಕ್, ಗಟ್ಟಿ ಕಂಬಿ

ಅಪ್‌ಗ್ರೇಡ್‌ಗೆಂದು ಕೈಯಲ್ಲಿ ಇರುವುದು ಒಂದೇ ಭಾಗದ ಹಣವಾದರೆ ಇಲ್ಲಿ ಹಾಕಿ. ಪಕ್ಕಕ್ಕೆ ಬಾಗಿದ ಲಿಂಕುಗಳಲ್ಲಿ ಹೆಚ್ಚಿನವಕ್ಕೆ ಚೆಕ್ ಚೈನಿನ ಅಲಕ್ಷ್ಯವೇ ಮೂಲ.

ಚೈನು ಎಳೆತ ಮಾತ್ರ ತಡೆಯುತ್ತದೆ. ಸಲಕರಣೆ ಎಡಕ್ಕೆ ಹೋದರೆ ಒಂದು ಚೈನಿನ ಮೇಲೆ ಪೂರ್ತಿ ಭಾರ, ಇನ್ನೊಂದು ಸುಮ್ಮನೆ ಜೋತಾಡುತ್ತದೆ. ಅದು ಹರಿದರೆ ಸಲಕರಣೆ ನೇರ ಟೈರಿಗೆ. ಆದರೂ ಚೈನಿಗೊಂದು ಗುಣವಿದೆ: ಅಗ್ಗ, ಮತ್ತು ಬ್ರಾಕೆಟ್ ಮುರಿಯುವ ಮೊದಲೇ ತಾನು ಹರಿಯುತ್ತದೆ. ಹರಿದ ಚೈನಿನ ಜಾಗಕ್ಕೆ ಎರಡು ಅಳತೆ ದಪ್ಪದ್ದು ಹಾಕಿದವರು ಮುಂದಿನ ಸಲ ಬ್ರಾಕೆಟ್ಟಿನ ಬೋಲ್ಟನ್ನು ಎರಕದ ಸಮೇತ ಕಳೆದುಕೊಳ್ಳುತ್ತಾರೆ.

ಟೆಲಿಸ್ಕೋಪಿಕ್ ಸ್ಟೆಬಿಲೈಸರ್ (ಚೈನಿನ ಬದಲಿಗೆ ಹಾಕುವ, ಒಂದರೊಳಗೊಂದು ಜಾರುವ ಕಂಬಿ) ಎಳೆತ, ಒತ್ತಡ ಎರಡನ್ನೂ ತಡೆಯುತ್ತದೆ. ಪಿನ್ ಹಾಕಿದರೆ ಗಟ್ಟಿ, ತೆಗೆದರೆ ಸಡಿಲ. ರೋಟವೇಟರ್, ಹುಲ್ಲು ಕತ್ತರಿಸುವ ಮೋವರ್, ಬ್ಲೇಡ್ ಇವಕ್ಕೆ ಇದೇ ಮೇಲು. ದೋಷವೆಂದರೆ ತೂತುಗಳ ನಡುವಿನ ಅಂತರ ನಿಗದಿಯಾಗಿರುವುದರಿಂದ ಬೇಕಾದಷ್ಟೇ ಹೊಂದಿಸಲಾಗದು. ಒಂದು ತುದಿಗೆ ಮರೆ ಇರುವುದನ್ನು ಕೊಂಡರೆ ಆ ಕೊರತೆ ತೀರುತ್ತದೆ. ಪಿನ್ ತೂತು ಉದ್ದಕ್ಕೆ ಹಿಗ್ಗುತ್ತಿದ್ದರೆ ಪಿನ್ ತೆಳುವಾಗಿದೆ ಎಂದರ್ಥ. ಎರಡೂ ತುದಿ ಬಿಗಿದ ಗಟ್ಟಿ ಕಂಬಿ ನೇಗಿಲಿಗೆ ಬೇಡವೇ ಬೇಡ. ನೇಗಿಲು ಕಲ್ಲಿಗೆ ತಾಗಿದಾಗ ಸ್ವಲ್ಪ ಪಕ್ಕಕ್ಕೆ ಜಾರಲು ಅವಕಾಶ ಇರಬೇಕು.

ಎಷ್ಟು ಸಡಿಲ? ನೇಗಿಲು, ಕಲ್ಟಿವೇಟರಿಗೆ ಕೆಲಸದ ಆಳದಲ್ಲಿ ಪ್ರತಿ ಬದಿ 40ರಿಂದ 50 ಮಿ.ಮೀ. ರೋಟವೇಟರಿಗೆ 10ರಿಂದ 20. ಈ ಅಳತೆಯನ್ನು ಒಂದೇ ಎತ್ತರದಲ್ಲಿ ಇಟ್ಟು ಬಿಟ್ಟರೆ ಸಾಲದು. ಚೈನಿನ ಮುಂದಿನ ಬಿಂದು ಲಿಂಕಿನ ಮುಂದಿನ ಪಿನ್ನಿನ ನೇರಕ್ಕೆ ಇಲ್ಲದ ಟ್ರ್ಯಾಕ್ಟರುಗಳಲ್ಲಿ ಲಿಂಕ್ ಏರಿಳಿದ ಹಾಗೆ ಚೈನು ಬಿಗಿಯುತ್ತದೆ, ಸಡಿಲಾಗುತ್ತದೆ. ಕೆಳಗೆ ಸರಿಯಾಗಿದ್ದದ್ದು ಮೇಲೆ ಹೋದಾಗ ತಂತಿಯಂತೆ ಬಿಗಿದರೆ ಹೈಡ್ರಾಲಿಕ್ ತನ್ನ ಪೂರ್ತಿ ಬಲದಿಂದ ಬ್ರಾಕೆಟ್ಟನ್ನೇ ಕೀಳಲು ಹೊರಡುತ್ತದೆ. ಕೆಳಗೆ, ನಡುವೆ, ಮೇಲೆ ಮೂರೂ ಕಡೆ ಕೈಯಿಂದ ಅಲುಗಾಡಿಸಿ ನೋಡಿ, ಅತಿ ಬಿಗಿಯಾಗುವ ಎತ್ತರಕ್ಕೆ ತಕ್ಕಂತೆ ಹೊಂದಿಸಿ, ಲಾಕ್ ನಟ್ ಬಿಗಿಯಿರಿ.

ಟಾಪ್ ಲಿಂಕ್

ಮರೆಯ ಟಾಪ್ ಲಿಂಕ್ ಸಾಕಾಗುವವರೇ ಹೆಚ್ಚು. ಬದಲಿ ತುದಿ ಕೊಳ್ಳುವಾಗ ಒಂದು ಬದಿ ಬಲಮರೆ, ಇನ್ನೊಂದು ಎಡಮರೆ ಎನ್ನುವುದು ನೆನಪಿರಲಿ. ಎರಡೂ ಬದಿಯ ಮರೆ ಕೊಳವೆಯೊಳಗೆ ಕನಿಷ್ಠ ತನ್ನ ವ್ಯಾಸದ ಒಂದೂವರೆ ಪಟ್ಟು ಇರಬೇಕು. 27 ಮಿ.ಮೀ. ಮರೆಯಾದರೆ 40 ಮಿ.ಮೀ. ಒಳಗೆ. ಅಷ್ಟು ಉಳಿಯದಿದ್ದರೆ ಲಿಂಕ್ ಗಿಡ್ಡ, ಉದ್ದದ್ದು ತನ್ನಿ.

ದಿನಕ್ಕೆ ಹತ್ತು ಸಲ ಬ್ಲೇಡಿನ ಕೋನ ಬದಲಿಸುವವರಿಗೆ ಹೈಡ್ರಾಲಿಕ್ ಟಾಪ್ ಲಿಂಕ್ ನಿಜಕ್ಕೂ ಉಪಯೋಗ. ಅದಕ್ಕೆ ಎರಡು ಬದಿಗೂ ಎಣ್ಣೆ ಕೊಡುವ ಒಂದು ರಿಮೋಟ್ ವಾಲ್ವ್ ಇರಬೇಕು, ಸಿಲಿಂಡರಿನ ಮೇಲೆಯೇ ಪೈಲಟ್ ಚೆಕ್ ವಾಲ್ವ್ (ಲಿವರ್ ಆಡಿಸುವವರೆಗೆ ಎಣ್ಣೆಯನ್ನು ಒಳಗೇ ಹಿಡಿದಿಡುವ ಕವಾಟ) ಇರಬೇಕು. ಅದಿಲ್ಲದಿದ್ದರೆ ಎಣ್ಣೆ ಸೋರಿ ಕೋನ ತಾನೇ ಬದಲಾಗುತ್ತದೆ, ಹೋಸ್ ಒಡೆದರೆ ಸಲಕರಣೆ ಒಮ್ಮೆಲೇ ಹಿಂದಕ್ಕೆ ಬೀಳುತ್ತದೆ. ಬಲದ ಲೆಕ್ಕವನ್ನೂ ಮಾಡಿಕೊಳ್ಳಿ. 50 ಮಿ.ಮೀ. ಬೋರಿನ ಸಿಲಿಂಡರಿನ ಕ್ಷೇತ್ರ ಸುಮಾರು 1,960 ಚದರ ಮಿ.ಮೀ.; 150 ಬಾರ್ ಒತ್ತಡದಲ್ಲಿ ಅದು ತಳ್ಳುವ ಬಲ ಸುಮಾರು 3 ಟನ್. 30 ಮಿ.ಮೀ. ರಾಡಿದ್ದರೆ ಎಳೆಯುವ ಬಲ ಸುಮಾರು 1.9 ಟನ್. ಹಗುರ ಸಲಕರಣೆಯ ಮಾಸ್ಟನ್ನು (ಟಾಪ್ ಲಿಂಕ್ ಸೇರುವ ಮೇಲಿನ ಚೌಕಟ್ಟನ್ನು) ಕಾಗದದಂತೆ ಮಡಚಲು ಇಷ್ಟು ಧಾರಾಳ. ಕೈಯಿಂದ ತಿರುಗಿಸುವ ಟಾಪ್ ಲಿಂಕ್ ಬಿಗಿಯಾದರೆ ಕೈಗೆ ಗೊತ್ತಾಗುತ್ತದೆ, ಲಿವರಿಗೆ ಗೊತ್ತಾಗುವುದಿಲ್ಲ.

ಟಾಪ್ ಲಿಂಕ್ ಬ್ರಾಕೆಟ್ ಎಷ್ಟೇ ಗಟ್ಟಿ ಮಾಡಿದರೂ ಅದಕ್ಕೆ ಸರಪಳಿ ಕಟ್ಟಿ ಏನನ್ನೂ ಎಳೆಯಬೇಡಿ. ಎಳೆತದ ಬಿಂದು ಹಿಂದಿನ ಆಕ್ಸಲಿಗಿಂತ ಮೇಲಾದರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚುತ್ತದೆ.

ಟೆಲಿಸ್ಕೋಪಿಕ್ ತುದಿಯೋ, ಕ್ವಿಕ್ ಹಿಚ್ಚೋ

ಒಬ್ಬರೇ ಸಲಕರಣೆ ಜೋಡಿಸುವವರಿಗೆ ಎರಡೂ ಅನುಕೂಲ, ಆದರೆ ಎರಡರ ಬೆಲೆ ತೆರುವ ಜಾಗ ಬೇರೆ. ಟೆಲಿಸ್ಕೋಪಿಕ್ ತುದಿ ಉದ್ದಕ್ಕೆ ಜಾರಿ ಪಿನ್ ಹಿಡಿಯುತ್ತದೆ, ಟ್ರ್ಯಾಕ್ಟರ್ ಹಿಂದಕ್ಕೆ ಹೋದಾಗ ಲ್ಯಾಚ್ ಬೀಳುತ್ತದೆ. ಕೆಸರು ಸೇರಿದರೆ ಲ್ಯಾಚ್ ಅರ್ಧ ಮಾತ್ರ ಕೂರುತ್ತದೆ. ಹಿಮ್ಮುಖವಾಗಿ ಬ್ಲೇಡ್ ತಳ್ಳುವ ಕೆಲಸ ಜಾಸ್ತಿ ಇದ್ದರೆ ಇದು ಬೇಡ, ಆ ಒತ್ತಡವೆಲ್ಲ ಆ ಪುಟ್ಟ ಲ್ಯಾಚಿನ ಮೇಲೆ ಬೀಳುತ್ತದೆ.

ಕ್ವಿಕ್ ಹಿಚ್ ಅಂದರೆ ಲಿಂಕುಗಳಿಗೆ ಜೋಡಿಸಿಟ್ಟು ಸಲಕರಣೆಯ ಪಿನ್ನುಗಳನ್ನು ಕೊಕ್ಕೆಯಿಂದ ಹಿಡಿಯುವ ಚೌಕಟ್ಟು. ಅದು ಸಲಕರಣೆಯನ್ನು ಸುಮಾರು 100 ಮಿ.ಮೀ. ಹಿಂದಕ್ಕೆ ತಳ್ಳುತ್ತದೆ. ತನ್ನ ಭಾರವನ್ನೂ ಸೇರಿಸುತ್ತದೆ. ಎತ್ತುವ ಶಕ್ತಿ ಅಂಚಿನಲ್ಲಿರುವ ಚಿಕ್ಕ ಟ್ರ್ಯಾಕ್ಟರಿಗೆ ಇದು ಸಣ್ಣ ನಷ್ಟವಲ್ಲ. ಪಿಟಿಒ ಶಾಫ್ಟ್ (ಎಂಜಿನ್ ಶಕ್ತಿಯನ್ನು ಸಲಕರಣೆಗೆ ಒಯ್ಯುವ ತಿರುಗುವ ದಂಡ) ಕೂಡ ಅಷ್ಟೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕೆಲಸದ ಸ್ಥಿತಿಯಲ್ಲಿ ಶಾಫ್ಟಿನ ಎರಡು ಕೊಳವೆಗಳು ಕನಿಷ್ಠ ಮೂರರಲ್ಲೊಂದು ಪಾಲು ಒಂದರೊಳಗೊಂದು ಇರಬೇಕು. ಚೌಕಟ್ಟು ತೆಗೆದಾಗ ಅದೇ ಶಾಫ್ಟ್ ತುದಿಗೆ ಹೋಗಿ ಗುದ್ದಬಾರದು, ಅತಿ ಗಿಡ್ಡ ಸ್ಥಿತಿಯಲ್ಲೂ 25 ಮಿ.ಮೀ. ಜಾಗ ಉಳಿದಿರಬೇಕು. ಹಳೆಯ, ಬೇರೆಬೇರೆ ಕಡೆ ಮಾಡಿಸಿದ ಸಲಕರಣೆಗಳ ಮಾಸ್ಟ್ ಎತ್ತರ ಒಂದೇ ಸಮ ಇರುವುದಿಲ್ಲ, ಹಾಗಾಗಿ ನಾಲ್ಕರಲ್ಲಿ ಎರಡು ಮಾತ್ರ ಚೌಕಟ್ಟಿಗೆ ಹೊಂದುವುದೂ ಉಂಟು. ಕೊಳ್ಳುವ ಮೊದಲು ಎಲ್ಲವನ್ನೂ ಅಳೆಯಿರಿ.

ಪಿನ್ನು, ಬೋಲ್ಟು

ಲಿಫ್ಟ್ ರಾಡಿನ ಪಿನ್ ಕಳೆದುಹೋದರೆ ಕೈಗೆ ಸಿಕ್ಕ ಬೋಲ್ಟ್ ತೂರಿಸುವುದು ಸರ್ವೇಸಾಮಾನ್ಯ. ಬೋಲ್ಟಿನ ಮರೆ ಕತ್ತರಿಬಲದ ಜಾಗಕ್ಕೆ ಬಂದರೆ ಎರಡು ಕೆಟ್ಟದ್ದು ಒಟ್ಟಿಗೆ ಆಗುತ್ತವೆ. ಎಂ20 ಬೋಲ್ಟಿನ ಕಾಂಡದ ಕ್ಷೇತ್ರ 314 ಚದರ ಮಿ.ಮೀ., ಮರೆಯ ಭಾಗದ್ದು 245. ಐದರಲ್ಲೊಂದು ಪಾಲಿಗಿಂತ ಹೆಚ್ಚು ಬಲ ಅಲ್ಲೇ ಹೋಯಿತು. ಜೊತೆಗೆ ಮರೆ ಅರದ ಹಾಗೆ ತೂತನ್ನು ತಿನ್ನುತ್ತದೆ. ಬೋಲ್ಟೇ ಬೇಕಾದರೆ ಮರೆಯಿಲ್ಲದ ಕಾಂಡ ತೂತುಗಳ ಪೂರ್ತಿ ಅಗಲ ದಾಟುವಷ್ಟು ಉದ್ದವಿರಲಿ.

ಬ್ರಾಕೆಟ್ಟಿಗೆ 8.8 ಗ್ರೇಡ್ (ಬಲದ ದರ್ಜೆ) ಬೋಲ್ಟ್ ಬಂದಿದ್ದರೆ 8.8 ಅನ್ನೇ ಹಾಕಿ. ಇನ್ನೂ ಗಟ್ಟಿಯಾದ 10.9 ಹಾಕಿ ಅದಕ್ಕೆ ತಕ್ಕಷ್ಟು ಬಿಗಿದರೆ ಬೋಲ್ಟಿಗೆ ಏನೂ ಆಗದು, ಎರಕದ ಮರೆ ಕಿತ್ತುಬರುತ್ತದೆ. ಟ್ರ್ಯಾಕ್ಟರಿನ ಕೈಪಿಡಿಯ ಟಾರ್ಕ್ ಅಂಕಿಯೇ ಅಂತಿಮ. ಅದು ಸಿಗದಿದ್ದರೆ ಎಣ್ಣೆ ಹಚ್ಚದ 8.8 ಬೋಲ್ಟುಗಳಿಗೆ ಎಂ12ಕ್ಕೆ ಸುಮಾರು 85, ಎಂ14ಕ್ಕೆ 135, ಎಂ16ಕ್ಕೆ 210 ನ್ಯೂಟನ್ ಮೀಟರ್. ಎಣ್ಣೆಯಾದ ಮರೆಗೆ ಇದಕ್ಕಿಂತ ಕಡಿಮೆ. ಮರೆ ಆಗಲೇ ಕಿತ್ತಿದ್ದರೆ ದೊಡ್ಡ ಬೋಲ್ಟಿಗೆ ತೂತು ಕೊರೆಯುವ ಬದಲು ಸುರುಳಿ ಇನ್ಸರ್ಟ್ ಹಾಕಿಸಿ, ಅದೇ ಅಳತೆಯ ಬೋಲ್ಟ್ ಉಳಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಮೊದಲು ಬರಿ ಲಿಂಕುಗಳನ್ನು, ಆಮೇಲೆ ಹಗುರ ಸಲಕರಣೆಯನ್ನು, ಕೊನೆಗೆ ಭಾರದ್ದನ್ನು ಪೂರ್ತಿ ಮೇಲಕ್ಕೂ ಕೆಳಕ್ಕೂ ಆಡಿಸಿ. ಬ್ರಾಕೆಟ್ ಬೋಲ್ಟಿನ ತಲೆಯಿಂದ ಹೌಸಿಂಗಿನ ಮೇಲಕ್ಕೆ ಬಿಳಿ ಪೇಂಟಿನಲ್ಲಿ ಒಂದೊಂದು ಗೆರೆ ಎಳೆಯಿರಿ. ಹತ್ತು ಗಂಟೆ ಕೆಲಸವಾದ ಮೇಲೆ ನೋಡಿ: ಗೆರೆ ತುಂಡಾಗಿ ಸರಿದಿದ್ದರೆ ಆ ಬೋಲ್ಟ್ ತಿರುಗಿದೆ. ಮತ್ತೆ ಟಾರ್ಕಿಗೆ ಬಿಗಿದು ಹೊಸ ಗೆರೆ ಎಳೆಯಿರಿ. ಇನ್ನು ಹತ್ತು ಗಂಟೆಯಲ್ಲಿ ಅದೇ ಬೋಲ್ಟ್ ಮತ್ತೆ ಸರಿದರೆ ಬ್ರಾಕೆಟ್ ಬಿಚ್ಚಿ ಅದು ಕೂರುವ ಮೈ ಚಪ್ಪಟೆಯಾಗಿದೆಯೇ ನೋಡಿ, ಬಣ್ಣ ಮತ್ತು ತುಕ್ಕನ್ನು ಲೋಹ ಕಾಣುವವರೆಗೆ ಕೆರೆದು, ಹೊಸ ಬೋಲ್ಟ್ ಹಾಕಿ ಕೂರಿಸಿ.